ಚೆಂಡು ಬೇಡ, ಬ್ಯಾಟು ಬೇಡ: ಪುಟ್ಟ ಮಕ್ಕಳಿಗೆ ಖೋಖೋ ಆಡ್ಸೋದು ಹೇಗೆ

ಹಾಜರಿ ಕೂಗುವಾಗ "ಎಸ್ ಮಿಸ್" ಅನ್ನೋಕೂ ದನಿ ಬರದ ಮಕ್ಕಳು ಪ್ರತಿ ಶಾಲೇಲೂ ಒಂದಿಬ್ರು ಇದ್ದೇ ಇರ್ತಾರೆ, ಅವರಿಗೆ ಧೈರ್ಯವಾಗಿ ಮಾತಾಡು ಮಾತಾಡು ಅಂತ ದಿನಾ ಹೇಳೋದಕ್ಕಿಂತ ಸಂಜೆ ಅರ್ಧ ಗಂಟೆ ಖೋಖೋ ಆಡ್ಸಿ ನೋಡಿ. ಬಾಯಿಬಿಟ್ಟು ಕೂಗದೇ ಇದ್ರೆ ಈ ಆಟ ಮುಂದಕ್ಕೇ ಹೋಗಲ್ಲ. ಬೇಕಾಗೋದು ಎರಡು ಕಂಬ, ಗೆರೆ ಎಳೆಯೋಕೆ ಒಂದಿಷ್ಟು ಸುಣ್ಣದ ಪುಡಿ, ಅಷ್ಟೇ.

ಶುರು ಮಾಡೋ ದಿನ ಮಕ್ಕಳಿಗೆ ಒಂದು ವಿಷಯ ಹೇಳಿ. 2025ರ ಜನವರೀಲಿ ದೆಹಲೀಲಿ ಖೋಖೋದ ಮೊದಲ ವಿಶ್ವಕಪ್ ನಡೀತು, ಗಂಡಸರ ಕಪ್ಪು ಹೆಂಗಸರ ಕಪ್ಪು ಎರಡೂ ಭಾರತಕ್ಕೇ ಬಂತು, ಹೆಂಗಸರ ಫೈನಲ್‌ನಲ್ಲಿ ನಾವು ನೇಪಾಳವನ್ನ 78–40ರಲ್ಲಿ ಸೋಲಿಸಿದ್ವಿ. ಆ ತಂಡದಲ್ಲಿ ಆಡಿದ ಚೈತ್ರಾ ನಮ್ಮ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಇದನ್ನ ಕೇಳಿದಾಗ ಹಳ್ಳಿ ಮಕ್ಕಳ ಮುಖ ಹೇಗೆ ಅರಳುತ್ತೆ ಅಂತ ನೀವೇ ನೋಡ್ಬೇಕು.

ಟೀಮ್ ಮಾಡೋವಾಗ್ಲೇ ಮೊದಲ ಎಚ್ಚರ ಬೇಕು. ಇಬ್ರು ಲೀಡರ್ ನಿಂತ್ಕೊಂಡು "ನಂಗೆ ಇವ್ನು, ನಂಗೆ ಅವ್ಳು" ಅಂತ ಆರಿಸ್ಕೊಳ್ಳೋ ಪದ್ಧತಿಯನ್ನ ದಯವಿಟ್ಟು ನಿಲ್ಲಿಸಿ. ನಾನು ಪ್ರೈಮರಿ ಶಾಲೇಲಿ ಇಡೀ ವರ್ಷ ಕೊನೇಗೆ ಉಳಿಯೋ ಹುಡುಗಿ ಆಗಿದ್ದೆ, ಯಾರೂ ಬಯ್ತಾ ಇರ್ಲಿಲ್ಲ, ಆದ್ರೂ ಆಟದ ಪೀರಿಯಡ್ ಬಂದ್ರೆ ಹೊಟ್ಟೆ ನೋವು ಅಂತ ಕ್ಲಾಸಲ್ಲೇ ಕೂರ್ತಿದ್ದೆ. ಅದರ ಬದಲು ಎಲ್ಲರನ್ನೂ ಸಾಲಾಗಿ ನಿಲ್ಸಿ ಮಾವು, ಹಲಸು, ಮಾವು, ಹಲಸು ಅಂತ ಹೇಳಿಸ್ಕೊಂಡು ಹೋಗಿ, ಎರಡು ಟೀಮ್ ಆಯ್ತು, ಮುಂದಿನ ವಾರ ಮತ್ತೆ ಎಣಿಸಿ. ಗಂಡು ಹೆಣ್ಣು ಬೇರೆ ಬೇರೆ ಮಾಡ್ಬೇಡಿ.

ಆಮೇಲೆ ಅಂಗಳ. ದೊಡ್ಡೋರ ಅಂಕಣ 27 ಮೀಟರ್ ಉದ್ದ 16 ಮೀಟರ್ ಅಗಲ ಇರುತ್ತೆ, ಮೂರನೇ ನಾಲ್ಕನೇ ಕ್ಲಾಸಿನವರಿಗೆ ಅದರ ಅರ್ಧ ಸಾಕು. ಕಲ್ಲು ಮುಳ್ಳು ಆರಿಸೋ ಕೆಲಸಕ್ಕೆ ಮಕ್ಕಳನ್ನೂ ಸೇರಿಸ್ಕೊಳ್ಳಿ, ಬರಿಗಾಲಲ್ಲಿ ಓಡೋ ಪಕ್ಕದ ಟೀಮಿನವರ ಕಾಲಿಗೂ ಚುಚ್ಚಬಾರದು ಅನ್ನೋದು ಅಲ್ಲೇ ತಲೆಗೆ ಹೋಗುತ್ತೆ. ಕಂಬಕ್ಕೆ ಹಳೇ ಗೋಣಿಚೀಲ ಸುತ್ತಿ.

ಮೊದಲ ಎರಡು ಮೂರು ದಿನ ಓಟ ಬೇಡವೇ ಬೇಡ. ಎಂಟು ಮಕ್ಕಳನ್ನ ಎರಡು ಕಂಬ ಸೇರಿಸೋ ನಡುಗೆರೆ ಮೇಲೆ ಒಬ್ರು ಈ ಕಡೆ ಒಬ್ರು ಆ ಕಡೆ ಮುಖ ಮಾಡಿ ಕೂರ್ಸಿ, ಒಂಬತ್ತನೇ ಮಗು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಅಂತ ಕೂಗ್ಬೇಕು, ಆಮೇಲಷ್ಟೇ ಕೂತಿದ್ದ ಮಗು ಏಳ್ಬೇಕು, ಎಬ್ಬಿಸಿದವರು ಆ ಜಾಗದಲ್ಲಿ ಕೂರ್ಬೇಕು. ಬೆನ್ನು ಮುಟ್ಟೋದು, ತಳ್ಳೋದಲ್ಲ. ದನಿ ಬರದ ಮಗು ಇದ್ರೆ ಗದರ್ಬೇಡಿ, ನೀವೂ ಜೊತೇಲಿ ಹೋಗಿ ಅವಳ ಜೊತೆಗೇ ಜೋರಾಗಿ ಕೂಗಿ, ನಾಲ್ಕು ಸಲ ಆದ್ಮೇಲೆ ನಿಮ್ಮ ದನಿ ಇಳಿಸ್ತಾ ಬನ್ನಿ, ಅವಳ ದನಿ ಉಳಿಯುತ್ತೆ.

ಈಗ ಓಟ. ಎದುರು ಟೀಮಿಂದ ಮೂರು ಮೂರು ಜನ ಒಳಗೆ ಬರ್ತಾರೆ. ಓಡೋರು ಕೂತವರ ನಡುವೆ ನುಗ್ಗಬಹುದು, ಆದ್ರೆ ಅಟ್ಟಿಸ್ಕೊಂಡು ಹೋಗೋರು ನಡುಗೆರೆ ದಾಟೋ ಹಾಗಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಆ ತುದಿಯ ಕಂಬ ದಾಟೋವರೆಗೂ ವಾಪಸ್ ತಿರುಗೋ ಹಾಗೂ ಇಲ್ಲ. ಈ ಎರಡು ನಿಯಮದಲ್ಲೇ ಆಟದ ಜೀವ ಇರೋದು. ಎಷ್ಟೇ ಸ್ಪೀಡ್ ಇರೋ ಹುಡುಗನಾದ್ರೂ ಒಬ್ಬನೇ ಎಲ್ಲರನ್ನೂ ಹಿಡಿಯೋಕಾಗಲ್ಲ, ಓಡೋನು ಆ ಕಡೆ ದಾಟಿದ ತಕ್ಷಣ ತನ್ನ ಚಾನ್ಸ್ ಬಿಟ್ಟು ಆ ಕಡೆ ಮುಖ ಮಾಡಿ ಕೂತ ಗೆಳತಿಗೆ ಖೋ ಕೊಡ್ಲೇಬೇಕು. "ನಾನೇ ಹಿಡೀತೀನಿ" ಅಂತ ಹಠ ಮಾಡೋ ಮಗು ಎರಡು ವಾರದಲ್ಲಿ ಇದನ್ನ ತಾನಾಗೇ ಕಲಿಯುತ್ತೆ. ದೊಡ್ಡೋರಿಗೆ ಒಂದು ಸರದಿ 9 ನಿಮಿಷದ ಲೆಕ್ಕ ಇದೆ, ಇವರಿಗೆ 3 ನಿಮಿಷ ಇಡಿ.

ಒಂದು ನಿಯಮ ಮಾತ್ರ ನಾನೇ ಸೇರಿಸಿದ್ದು, ಯಾವ ರೂಲ್ ಬುಕ್ಕಲ್ಲೂ ಸಿಗಲ್ಲ. ಸರದಿ ಮುಗಿಯೋದ್ರೊಳಗೆ ಕೂತ ಎಂಟೂ ಜನಕ್ಕೆ ಒಂದೊಂದಾದ್ರೂ ಖೋ ಸಿಕ್ಕಿರ್ಬೇಕು, ಇಲ್ಲಾಂದ್ರೆ ಆ ಸರದಿ ಪಾಯಿಂಟ್ ಲೆಕ್ಕಕ್ಕಿಲ್ಲ. ಇದಿಲ್ಲದೇ ಹೋದ್ರೆ ಜೋರಿರೋ ನಾಲ್ಕು ಮಕ್ಕಳು ತಮ್ಮತಮ್ಮಲ್ಲೇ ಖೋ ಕೊಟ್ಕೊಂಡು ಆಡ್ತಾರೆ, ಉಳಿದವರು ಬರೀ ಮಣ್ಣಲ್ಲಿ ಕೂತು ಗೆರೆ ಗೀಚ್ತಾ ಇರ್ತಾರೆ. ಓಡೋಕೆ ಕಷ್ಟ ಇರೋ ಮಗುವನ್ನೂ ಸ್ಕೋರ್ ಬರೆಯೋಕೆ ಅಂತ ಆಚೆ ಕೂರಿಸ್ಬೇಡಿ, ಎದ್ದು ಒಂದು ಹೆಜ್ಜೆ ಇಟ್ಟು ಪಕ್ಕದವರಿಗೆ ಖೋ ಕೊಟ್ರೂ ಅದು ಆಟವೇ.

ಔಟ್ ಹೇಳೋಕೆ ನೀವು ಸೀಟಿ ಊದ್ಬೇಡಿ. ಮುಟ್ಟಿಸ್ಕೊಂಡ ಮಗು ತಾನೇ ಕೈ ಎತ್ತಿ "ನಾನು ಔಟ್" ಅನ್ಲಿ. ಮೊದಮೊದಲು ಜಗಳ ಆಗುತ್ತೆ, ತಡ್ಕೊಳ್ಳಿ. ಹೋದ ವರ್ಷ ನಮ್ಮ ನಾಲ್ಕನೇ ಕ್ಲಾಸಿನ ಹುಡುಗ ಒಬ್ಬ, ಅಂಗಿ ತುದಿಗೆ ಬೆರಳು ತಾಗಿದ್ದು ನನಗೂ ಕಂಡಿರ್ಲಿಲ್ಲ, ತಾನಾಗೇ ಕೈ ಎತ್ತಿ ಆಚೆ ನಡೆದ, ಎದುರು ಟೀಮಿನವರೇ ಚಪ್ಪಾಳೆ ಹೊಡೆದ್ರು. ಅಂಥ ಹೊತ್ತಲ್ಲಿ ಆಟ ನಿಲ್ಸಿ ಎಲ್ಲರೆದುರು ಅವನ ಹೆಸರು ಹೇಳಿ ಶಭಾಷ್ ಅನ್ನಿ, ಗೆದ್ದ ಟೀಮಿಗೆ ಹೇಳೋದಕ್ಕಿಂತ ಜೋರಾಗಿ.

ಆಟ ಮುಗಿದ ಮೇಲೆ ನೀರು ಕುಡಿಸಿ ಐದು ನಿಮಿಷ ದುಂಡಗೆ ಕೂರ್ಸಿ, ಯಾರು ಗೆದ್ರು ಅಂತ ಕೇಳ್ಬೇಡಿ, ಅದು ಎಲ್ರಿಗೂ ಗೊತ್ತು. "ಇವತ್ತು ನಿಂಗೆ ಸರಿಯಾದ ಹೊತ್ತಿಗೆ ಖೋ ಕೊಟ್ಟಿದ್ದು ಯಾರು?" ಅಂತ ಒಬ್ಬೊಬ್ಬರನ್ನೇ ಕೇಳಿ. ಹಾಜರಿಗೆ ದನಿ ಬರದ ಆ ಮಗುವನ್ನ ಕೊನೇಗೆ ಕೇಳಿ, ಉತ್ತರ ಬರೋವರೆಗೂ ಕಾಯಿರಿ.