ದಮ್ಮಿನ ಔಷಧಿ, ಹೃದಯದ ಔಷಧಿ: ಕೊಡುವ ಮುಂಚೆ ಏನು ನೋಡಬೇಕು, ಕೊಟ್ಟ ಮೇಲೆ ಏನು ನೋಡಬೇಕು

ನರ್ಸಿಂಗ್ ಓದುವಾಗ ಫಾರ್ಮಕಾಲಜಿಯಲ್ಲಿ ಉಸಿರಾಟದ ಔಷಧಿಗಳು ಒಂದು ಅಧ್ಯಾಯ, ಹೃದಯದ ಔಷಧಿಗಳು ಇನ್ನೊಂದು. ವಾರ್ಡಿನಲ್ಲಿ ಹಾಗಿರುವುದಿಲ್ಲ. ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ) ಆಗಿರುವ ಅದೇ ಅಜ್ಜನಿಗೆ ಬಿಪಿಯೂ ಇರುತ್ತದೆ, ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಕೂಡ ಆಗಿರುತ್ತದೆ, ಬೆಳಗಿನ ಟ್ರೇಯಲ್ಲಿ ಅವರ ಹೆಸರಿಗೆ ಎರಡೂ ಅಧ್ಯಾಯದ ಗುಳಿಗೆಗಳು ಒಟ್ಟಿಗೇ ಕೂತಿರುತ್ತವೆ. ದಮ್ಮಿನ ಔಷಧಿ ಹೃದಯವನ್ನು ಕೆಣಕುತ್ತದೆ. ಹೃದಯದ ಔಷಧಿ ಶ್ವಾಸನಾಳವನ್ನು ಬಿಗಿ ಮಾಡುತ್ತದೆ. ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಿಎನ್‌ಎಂ, ಬಿಎಸ್ಸಿ ಮಾಡುತ್ತಿರುವವರಿಗೆ, ಈಗಷ್ಟೇ ಮೆಡಿಕಲ್ ವಾರ್ಡಿಗೆ ಬಿದ್ದವರಿಗೆ ನಾನು ಹೇಳುವುದು ಇಷ್ಟೇ: ಈ ಎರಡನ್ನೂ ಸೇರಿಸಿಯೇ ಓದಿ. ಯಾವ ಔಷಧಿ ಕೈಗೆ ಬಂದರೂ, ಇದು ಇನ್ನೊಂದು ಕಡೆ ಏನು ಮಾಡುತ್ತದೆ ಅಂತ ಕೇಳಿಕೊಳ್ಳಿ.

ಮೊದಲು ರೋಗಿಯ ಮಾತು ಸರಿಯಾಗಿ ಕೇಳಬೇಕು. "ಸಿಸ್ಟರ್, ದಮ್ಮ ಹತ್ತೇತಿ" ಅಂದರೆ ಅದು ಅಸ್ತಮಾನೇ ಇರಬೇಕು ಅಂತಿಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರೂ ಅದೇ ಮಾತು ಹೇಳುತ್ತಾರೆ. ಮಲಗಿದರೆ ಜಾಸ್ತಿ ಆಗುತ್ತದಾ, ರಾತ್ರಿ ಎದ್ದು ಕೂರಬೇಕಾಗುತ್ತದಾ, ಕಾಲು ಊದಿದೆಯಾ, ಕಫದಲ್ಲಿ ಗುಲಾಬಿ ಬಣ್ಣದ ನೊರೆ ಇದೆಯಾ ಅಂತ ಕೇಳಿ, ನೋಡಿ, ಡ್ಯೂಟಿ ಡಾಕ್ಟರಿಗೆ ಹೇಳಿ. ಅಷ್ಟರೊಳಗೆ ರೋಗಿಯನ್ನು ನೆಟ್ಟಗೆ ಕೂರಿಸಿ. ಔಷಧಿ ಬರೆಯುವುದು ಡಾಕ್ಟರ ಕೆಲಸ ಸರಿ, ಆದರೆ ಅವರು ಬರೆಯುವುದು ನೀವು ನೋಡಿ ಹೇಳಿದ್ದರ ಮೇಲೂ ನಿಂತಿರುತ್ತದೆ.

ದಮ್ಮಿನ ಕಡೆಯಿಂದ

ಸಾಲ್ಬುಟಮಾಲ್, ಅಂದರೆ ನಾವು ಅಸ್ತಾಲಿನ್ ಅನ್ನುವುದು, ದೊಡ್ಡವರಿಗೆ ನೆಬ್ಯುಲೈಸೇಷನ್‌ನಲ್ಲಿ ಸಾಮಾನ್ಯವಾಗಿ 2.5ರಿಂದ 5 ಎಂಜಿ. ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ಕೊಡುವ ಮುಂಚೆ ಪಲ್ಸ್, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ), ಉಸಿರಿನ ಸಂಖ್ಯೆ ಬರೆದಿಡಿ. ಮುಗಿದ ಮೇಲೆ ಮತ್ತೆ ಬರೆಯಿರಿ. ಕೈ ನಡುಗುವುದು, ಎದೆ ಡವಡವ ಅನ್ನುವುದು ಇದರಿಂದ ಆಗುತ್ತದೆ, ಮೊದಲೇ ಹೇಳಿಬಿಟ್ಟರೆ ರೋಗಿ ಗಾಬರಿಯಾಗುವುದಿಲ್ಲ. ಆದರೆ ಮೊದಲೇ ಪಲ್ಸ್ 130 ಇದ್ದವರಿಗೆ, ಎದೆನೋವು ಅನ್ನುತ್ತಿರುವವರಿಗೆ ಸುಮ್ನೆ ಇನ್ನೊಂದು ರೆಸ್ಪ್ಯೂಲ್ (ನೆಬ್ಯುಲೈಸರ್ ಔಷಧಿಯ ಚಿಕ್ಕ ಟ್ಯೂಬ್) ಹಾಕಬೇಡಿ, ಕೇಳಿ ಹಾಕಿ. ಡ್ಯುಯೊಲಿನ್‌ನಲ್ಲಿ ಲೀವೋಸಾಲ್ಬುಟಮಾಲ್ ಜೊತೆ ಇಪ್ರಾಟ್ರೋಪಿಯಂ ಇರುತ್ತದೆ. ಇದು ಬಾಯಿ ಒಣಗಿಸುತ್ತದೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು. ಮಾಸ್ಕ್ ಸಡಿಲ ಇದ್ದು ಹಬೆ ಕಣ್ಣಿಗೆ ಹೋದರೆ ಗ್ಲಾಕೋಮಾ ಇರುವವರ ಕಣ್ಣಿನ ಒತ್ತಡ ಏರಬಹುದು. ಬಾಯಲ್ಲಿ ಕಚ್ಚಿ ಹಿಡಿಯುವ ಮೌತ್‌ಪೀಸ್ ಇದ್ದರೆ ಅವರಿಗೆ ಅದೇ ಒಳ್ಳೆಯದು. ಬುಡೆಸೊನೈಡ್, ಅಂದರೆ ಉಸಿರಿನಲ್ಲಿ ಎಳೆಯುವ ಸ್ಟೀರಾಯ್ಡ್, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ (ಫಂಗಸ್ ಪದರ) ಬರುತ್ತದೆ. ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಸಿ.

ರೋಟಾಕ್ಯಾಪ್ ಅಂದರೆ ರೋಟಾಹೇಲರ್‌ಗೆ ಹಾಕಿ ಉಸಿರಿನಲ್ಲಿ ಎಳೆಯುವ ಪುಡಿಯ ಕ್ಯಾಪ್ಸೂಲ್, ಅದನ್ನು ನುಂಗುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಕ್ಯಾಪ್ಸೂಲ್ ಅಂದ ಮೇಲೆ ನೀರಿನ ಜೊತೆ ನುಂಗುವುದೇ ಅಂತ ಅವರು ತಿಳಿದಿರುತ್ತಾರೆ, ಯಾರೂ ಮಾಡಿ ತೋರಿಸಿರುವುದಿಲ್ಲ. "ಹೆಂಗ ತಗೋತೀರಿ ಅಜ್ಜಾರ, ಒಮ್ಮಿ ತೋರಸ್ರಿ" ಅಂತ ಕೇಳಿ, ಅವರೇ ಮಾಡಲಿ, ನೀವು ನೋಡಿ. ರೋಟಾಹೇಲರ್‌ನಲ್ಲಿ ಜೋರಾಗಿ, ಆಳವಾಗಿ ಒಳಗೆ ಎಳೆಯಬೇಕು. ಒತ್ತಿ ಎಳೆಯುವ ಇನ್ಹೇಲರ್ ಪಂಪಿನಲ್ಲಿ ಉಲ್ಟಾ: ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆಯುತ್ತಾ ಒತ್ತಿ, 10 ಸೆಕೆಂಡು ಹಿಡಿದುಕೊಳ್ಳಬೇಕು. ವಯಸ್ಸಾದವರಿಗೆ ಈ ಹೊಂದಾಣಿಕೆ ಕಷ್ಟ, ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ) ಕೊಡಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಇನ್ನೊಂದು ಮಾತು. ಸಿಒಪಿಡಿ ಅಂದರೆ ಗಂಡಸರ ಕಾಯಿಲೆ ಅಂತ ಅಂದುಕೊಳ್ಳಬೇಡಿ. ಕಟ್ಟಿಗೆ ಒಲೆ ಮುಂದೆ ರೊಟ್ಟಿ ಬಡಿದು ಜೀವನ ಕಳೆದ ಅವ್ವಂದಿರಿಗೂ, ನಿಪ್ಪಾಣಿ ಕಡೆ ತಂಬಾಕಿನ ಧೂಳಿನಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೂ ಶ್ವಾಸಕೋಶ ಹಾಳಾಗುತ್ತದೆ. ಹಿಸ್ಟರಿ ಕೇಳುವಾಗ "ಬೀಡಿ ಸೇದ್ತೀರೇನ್ರಿ" ಅಂತಷ್ಟೇ ಕೇಳಿ ಬಿಟ್ಟರೆ ಇವರು ತಪ್ಪಿಹೋಗುತ್ತಾರೆ.

ಡೆರಿಫಿಲಿನ್ ಬಗ್ಗೆ ಸಲಿಗೆ ಬೇಡ. ಅದರಲ್ಲಿರುವ ಥಿಯೋಫಿಲಿನ್ ರಕ್ತದಲ್ಲಿ 10ರಿಂದ 20 ಮೈಕ್ರೋಗ್ರಾಂ ಪ್ರತಿ ಮಿಲಿಗೆ ಇದ್ದರೆ ಔಷಧಿ, ಅದನ್ನು ದಾಟಿದರೆ ವಾಂತಿ, ನಿದ್ದೆಗೇಡು, ತಾಳ ತಪ್ಪಿದ ಹೃದಯ, ಕೊನೆಗೆ ಫಿಟ್ಸ್. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೋಮೈಸಿನ್ ಜೊತೆಗಿದ್ದರೆ ಮಟ್ಟ ಏರುತ್ತದೆ. ಬೀಡಿ ಬಿಟ್ಟರೂ ಏರುತ್ತದೆ, ಯಾಕೆಂದರೆ ಹೊಗೆ ಇದನ್ನು ಬೇಗ ಕರಗಿಸುತ್ತಿರುತ್ತದೆ. ಅಡ್ಮಿಟ್ ಆಗಿ ಬೀಡಿ ನಿಂತುಹೋದ ಅಜ್ಜ ಕೆಲವು ದಿನದ ಮೇಲೆ "ಹೊಟ್ಟಿ ತೊಳಸ್ತದ" ಅಂದರೆ ಇದು ನೆನಪಾಗಲಿ. ಐವಿ ಕೊಡುವಾಗ ನಿಧಾನವಾಗಿ ಕೊಡಿ.

ಆಕ್ಸಿಜನ್ ಕೂಡ ಔಷಧಿಯೇ. ಬೇರೆಯವರಿಗೆ 94ರಿಂದ 98 ಗುರಿಯಾದರೆ, ಸಿಒಪಿಡಿಯಲ್ಲಿ 88ರಿಂದ 92 ಸಾಕು. ಸ್ಯಾಚುರೇಷನ್ 99 ಬಂತು ಅಂತ ಮನೆಯವರು ಖುಷಿಪಡುತ್ತಿರುವಾಗ ರೋಗಿ ಮಂಪರಿಗೆ ಜಾರುತ್ತಿದ್ದರೆ, ಅದು ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಿರುವುದಿರಬಹುದು. ತಕ್ಷಣ ಹೇಳಿ.

ಪೊಟ್ಯಾಸಿಯಂ: ಎರಡೂ ಕಡೆಯ ಔಷಧಿ ಸೇರುವ ಜಾಗ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಪೊಟ್ಯಾಸಿಯಂ 3.5ರಿಂದ 5ರ ಒಳಗಿರಬೇಕು. ಅಸ್ತಾಲಿನ್ ಅದನ್ನು ಜೀವಕೋಶದೊಳಗೆ ತಳ್ಳಿ ರಕ್ತದಲ್ಲಿ ಇಳಿಸುತ್ತದೆ. ದಮ್ಮಿಗೆ ಕೊಡುವ ಸ್ಟೀರಾಯ್ಡ್ ಹೈಡ್ರೊಕಾರ್ಟಿಸೋನ್ ಕೂಡ ಇಳಿಸುತ್ತದೆ. ಮೈಯ ನೀರು ಇಳಿಸುವ ಲ್ಯಾಸಿಕ್ಸ್ ಅದನ್ನು ಮೂತ್ರದಲ್ಲಿ ಕಳೆಯುತ್ತದೆ. ಈ ಮೂರೂ ನಡೆಯುತ್ತಿರುವ ರೋಗಿಗೆ ಹೃದಯ ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ಕೂಡ ಇದ್ದರೆ, ಡೋಸ್ ಒಂದು ಚೂರೂ ಹೆಚ್ಚಾಗದೆ ಡಿಗಾಕ್ಸಿನ್ ವಿಷವಾಗಬಹುದು. ಎಲ್ಲ ಔಷಧಿಯೂ ಚೀಟಿಯಲ್ಲಿ ಬರೆದಂತೆಯೇ ಹೋಗಿರುತ್ತದೆ, ಆದರೂ ರೋಗಿ ಕೆಡುತ್ತಾರೆ. ಕೊನೆಯ ಪೊಟ್ಯಾಸಿಯಂ ರಿಪೋರ್ಟ್ ಯಾವತ್ತಿನದು ಅಂತ ನೋಡುವ ಅಭ್ಯಾಸ ಇದಕ್ಕೇ ಬೇಕು.

ಡಿಗಾಕ್ಸಿನ್ ಕೊಡುವ ಮುಂಚೆ ಎದೆಗೆ ಸ್ಟೆತ್ ಇಟ್ಟು ಪೂರ್ತಿ 1 ನಿಮಿಷ ಬಡಿತ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಈ ಗುಳಿಗೆ ನಡೆಯುವ ಎಷ್ಟೋ ಜನರಿಗೆ ಬಡಿತವೇ ಅಡ್ಡಾದಿಡ್ಡಿ ಇರುತ್ತದೆ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ತಡೆಹಿಡಿದು ಡಾಕ್ಟರಿಗೆ ತಿಳಿಸಿ. ಊಟ ಬೇಡ ಅನ್ನುವುದು, ವಾಕರಿಕೆ, ದೀಪದ ಸುತ್ತ ಹಳದಿ ಬಳೆ ಕಾಣುವುದು ವಿಷದ ಮೊದಲ ಲಕ್ಷಣಗಳು. ಊಟ ಬಿಟ್ಟ ಅಜ್ಜಿಗೆ "ತಿನ್ರಿ ಅವ್ವಾರ" ಅಂತ ಒತ್ತಾಯ ಮಾಡುವ ಮುಂಚೆ ಒಮ್ಮೆ ಅವರ ಗುಳಿಗೆ ಪಟ್ಟಿ ನೋಡಿ.

ಲ್ಯಾಸಿಕ್ಸ್ 40 ಎಂಜಿ ಐವಿ ಅಂದರೆ 1ರಿಂದ 2 ನಿಮಿಷ ತೆಗೆದುಕೊಂಡು ಕೊಡಿ. ದೊಡ್ಡ ಡೋಸ್ ಬೇಗ ತಳ್ಳಿದರೆ ಕಿವಿಗೆ ಹೊಡೆತ ಬೀಳುತ್ತದೆ. ಬೆಳಿಗ್ಗೆ ಕೊಡಿ, ರಾತ್ರಿ ಕೊಟ್ಟರೆ ಕತ್ತಲಲ್ಲಿ ಬಾತ್‌ರೂಮಿಗೆ ಎದ್ದು ಬೀಳುತ್ತಾರೆ. ದಿನಾ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ.

ಇನ್ನು ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್. ಇದನ್ನು ಯಾವತ್ತೂ, ಯಾರು ಅವಸರ ಮಾಡಿದರೂ, ನೇರ ಐವಿ ತಳ್ಳಬಾರದು. ಹೃದಯ ನಿಂತುಹೋಗುತ್ತದೆ. 10 ಮಿಲಿಯ 15 ಪರ್ಸೆಂಟ್ ಆಂಪ್ಯೂಲಿನಲ್ಲಿ 20 ಮಿಲಿಇಕ್ವಿವಲೆಂಟ್ (mEq) ಪೊಟ್ಯಾಸಿಯಂ ಇರುತ್ತದೆ. ಅದನ್ನು 500 ಮಿಲಿ ಬಾಟಲಿಗೆ ಹಾಕಿ, ಬಾಟಲಿಯನ್ನು ಹಲವು ಸಲ ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಬೇಕು, ಇಲ್ಲದಿದ್ದರೆ ಭಾರವಾದದ್ದು ತಳದಲ್ಲಿ ಉಳಿದು ಮೊದಲ ಹನಿಗಳಲ್ಲೇ ಹೋಗಿಬಿಡುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಇಕ್ವಿವಲೆಂಟ್‌ಗಿಂತ ಜಾಸ್ತಿ ಬೇಡ, ಅಂದರೆ ಆ ಬಾಟಲಿ ಕನಿಷ್ಠ 2 ಗಂಟೆ ಹೋಗಬೇಕು. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಮೊದಲೇ ನೋಡಿ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ಪಕ್ಕ ಇದನ್ನು ಇಡಲೇಬೇಡಿ, ಬೇರೆ ಡಬ್ಬಿ, ಬೇರೆ ಲೇಬಲ್ ಇರಲಿ.

ಹೃದಯದ ಕಡೆಯಿಂದ

ಹೆಸರು "ಲಾಲ್" ಅಂತ ಮುಗಿದರೆ, ಪ್ರೊಪ್ರನಲಾಲ್, ಅಟೆನಲಾಲ್, ಮೆಟೊಪ್ರೊಲಾಲ್, ಮೊದಲ ಪ್ರಶ್ನೆ "ದಮ್ಮು ಇದೆಯಾ?" ಪ್ರೊಪ್ರನಲಾಲ್ ಅಸ್ತಮಾ ಇರುವವರಿಗೆ ಕೊಡುವಂತಿಲ್ಲ, ಶ್ವಾಸನಾಳ ಬಿಗಿಯಾಗುತ್ತದೆ. ಮೆಟೊಪ್ರೊಲಾಲ್‌ನಂಥವು ಮುಖ್ಯವಾಗಿ ಹೃದಯದ ಮೇಲೆಯೇ ಕೆಲಸ ಮಾಡುವುದರಿಂದ ಸಿಒಪಿಡಿ ಇದ್ದರೂ ಡಾಕ್ಟರು ಬರೆಯಬಹುದು, ಆದರೂ ವೀಝ್ (ಉಸಿರಿನ ಸೀಟಿಯಂಥ ಸದ್ದು) ಮೇಲೆ ಗಮನವಿಡಿ. ತುಂಬಾ ಜನ ಬಿಟ್ಟುಬಿಡುವ ಒಂದು ವಿಷಯ: ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಇದೇ ಜಾತಿ. ಕಣ್ಣಿಗೆ ಹಾಕಿದ ಹನಿಯಿಂದ ದಮ್ಮು ಕೆರಳಬಹುದು, ಪಲ್ಸ್ ಇಳಿಯಬಹುದು. ಸಕ್ಕರೆ ಕಾಯಿಲೆಯವರಲ್ಲಿ ಈ ಲಾಲ್‌ಗಳು ಶುಗರ್ ಇಳಿದಾಗಿನ ಎದೆ ಬಡಿತ, ನಡುಕವನ್ನು ಮುಚ್ಚಿಬಿಡುತ್ತವೆ. ಬೆವರು ಮಾತ್ರ ಬರುತ್ತದೆ, ಅದನ್ನು ಗಮನಿಸಿ.

ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಿಗೆ ಒಣ ಕೆಮ್ಮು ಬಂದರೆ ಕಾಫ್ ಸಿರಪ್ ಕುಡಿದು ಪ್ರಯೋಜನ ಇಲ್ಲ, ಡಾಕ್ಟರಿಗೆ ಹೇಳಿ ಗುಳಿಗೆ ಬದಲಾಯಿಸಬೇಕು. ತುಟಿ, ನಾಲಿಗೆ ಊದಿದರೆ ಅದು ತುರ್ತು. ಇವು ಪೊಟ್ಯಾಸಿಯಂ ಏರಿಸುತ್ತವೆ, ಮೇಲೆ ಹೇಳಿದ್ದಕ್ಕೆ ಉಲ್ಟಾ. ಆಮ್ಲೋಡಿಪಿನ್‌ನಿಂದ ಕಾಲು ಊದಬಹುದು.

ಎದೆನೋವಿಗೆ ಸಾರ್ಬಿಟ್ರೇಟ್ 5 ಎಂಜಿ ನಾಲಿಗೆ ಕೆಳಗೆ. ಕೂರಿಸಿ ಕೊಡಿ, ಬಿಪಿ ನೋಡಿ ಕೊಡಿ, ಮೇಲಿನದು 90ಕ್ಕಿಂತ ಕಡಿಮೆ ಇದ್ದರೆ ಕೊಡಬೇಡಿ. ತಲೆ ಸಿಡಿಯುತ್ತದೆ ಅಂತ ಮೊದಲೇ ಹೇಳಿ. ಗಂಡಸರಿಗೆ ಒಂದು ಪ್ರಶ್ನೆ ಕೇಳಲೇಬೇಕು, ಸಿಲ್ಡೆನಾಫಿಲ್ (ವಯಾಗ್ರ) ಅಂಥ ಗುಳಿಗೆ ತಗೊಂಡಿದ್ದಾರಾ ಅಂತ. ಸೊಸೆ, ಮಗಳು ಪಕ್ಕದಲ್ಲಿ ನಿಂತಿದ್ದರೆ ಯಾರೂ ನಿಜ ಹೇಳುವುದಿಲ್ಲ, ಮನೆಯವರನ್ನು ಆಚೆ ಕಳಿಸಿ ಮೆಲ್ಲಗೆ ಕೇಳಿ. ತಗೊಂಡಿದ್ದರೆ 24 ಗಂಟೆ ಸಾರ್ಬಿಟ್ರೇಟ್ ಇಲ್ಲ, ಟಡಾಲಾಫಿಲ್ ಆಗಿದ್ದರೆ 48 ಗಂಟೆ. ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲೂಕು ಆಸ್ಪತ್ರೆಗಳಲ್ಲೂ ಹಾರ್ಟ್ ಅಟ್ಯಾಕ್ ಆದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವಂತಾಗಿದೆ, ಅಂದರೆ ಚಿಕ್ಕ ಊರಿನ ಸ್ಟಾಫ್ ನರ್ಸ್ ಕೈಗೂ ಈ ಇಂಜೆಕ್ಷನ್ ಬರುತ್ತದೆ. ತೂಕದ ಮೇಲೆ 30ರಿಂದ 50 ಎಂಜಿ, ಒಂದೇ ಬೋಲಸ್. ಹಾಗಾಗಿ ತೂಕ ಅಂದಾಜಿನಲ್ಲಿ ಬರೆಯಬೇಡಿ. ಡೆಕ್ಸ್ಟ್ರೋಸ್ ಹೋಗುತ್ತಿರುವ ಲೈನಿನಲ್ಲಿ ಕೊಟ್ಟರೆ ಔಷಧಿ ಗಸಿಯಾಗಿಬಿಡುತ್ತದೆ, ಮೊದಲು ಮತ್ತು ಆಮೇಲೆ ಸಲೈನ್‌ನಿಂದ ಫ್ಲಶ್ ಮಾಡಿ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ, ಇತ್ತೀಚಿನ ಆಪರೇಷನ್, ತಲೆಗೆ ಪೆಟ್ಟು, ಇವನ್ನು ಕೇಳಿ ಹೇಳಿ. ಕೊಟ್ಟ ಮೇಲೆ ಸೊಂಟಕ್ಕೆ ಇಂಜೆಕ್ಷನ್ ಬೇಡ, ಸಿಕ್ಕಸಿಕ್ಕಲ್ಲಿ ಚುಚ್ಚುವುದು ಬೇಡ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ 5 ಮಿಲಿ ವಯಲ್ ಎರಡು ಥರ ಬರುತ್ತದೆ: ಒಂದರಲ್ಲಿ ಒಟ್ಟು 5,000 ಯೂನಿಟ್, ಇನ್ನೊಂದರಲ್ಲಿ 25,000. ಐದು ಪಟ್ಟು ವ್ಯತ್ಯಾಸ. ಲೇಬಲ್ ಓದಿ, ಇನ್ನೊಬ್ಬರಿಗೆ ಓದಿಸಿ. ಅದೇ ಗುಂಪಿನ ಎನಾಕ್ಸಾಪರಿನ್ ತುಂಬಿದ ಸಿರಿಂಜಿನಲ್ಲಿರುವ ಗಾಳಿಗುಳ್ಳೆ ತೆಗೆಯಬೇಡಿ, ಹೊಟ್ಟೆಗೆ ಕೊಟ್ಟ ಮೇಲೆ ಉಜ್ಜಬೇಡಿ.

ವಿಪರೀತ ವೇಗದ ಹೃದಯ ಬಡಿತ ನಿಲ್ಲಿಸಲು ಕೊಡುವ ಅಡೆನೊಸಿನ್ ರಕ್ತದಲ್ಲಿ ಕೆಲವೇ ಸೆಕೆಂಡು ಬದುಕುತ್ತದೆ. ಮೊಣಕೈ ಹತ್ತಿರದ ದೊಡ್ಡ ರಕ್ತನಾಳಕ್ಕೆ (ವೇನ್) 6 ಎಂಜಿ ಥಟ್ಟನೆ, ಹಿಂದೆಯೇ 20 ಮಿಲಿ ಸಲೈನ್. ಅಸ್ತಮಾ ಇದ್ದರೆ ಡಾಕ್ಟರಿಗೆ ಮೊದಲೇ ನೆನಪಿಸಿ, ದಮ್ಮು ಹಿಡಿಯಬಹುದು.

ಮನೆಗೆ ಕಳಿಸುವಾಗ

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಸಿಟ್ರಾಮ್ ನಡೆಯುವವರಿಗೆ ಸಾಮಾನ್ಯವಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) 2ರಿಂದ 3 ಇರಬೇಕು. "ಪಲ್ಯಾ (ಸೊಪ್ಪು) ತಿನ್ನಬ್ಯಾಡ್ರಿ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ರೊಟ್ಟಿ ಜೊತೆ ಹಸಿ ಮೆಂತ್ಯ ಇಲ್ಲದೆ ಊಟವೇ ಇಳಿಯದವರು ನಮ್ಮವರು, ಆ ಮಾತು ಅವರು ಕೇಳುವುದಿಲ್ಲ. ಒಂದು ವಾರ ಸೊಪ್ಪೇ ಇಲ್ಲ, ಮುಂದಿನ ವಾರ ಎರಡು ಹೊತ್ತು ಸೊಪ್ಪು, ಹೀಗಾದರೆ ಐಎನ್‌ಆರ್ ಏರಿಳಿಯುತ್ತದೆ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ ಅಂತ ಹೇಳಿ.

ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೊಫೆನಾಕ್ ಗುಳಿಗೆ ಬಗ್ಗೆ ಒತ್ತಿ ಹೇಳಿ. ಅದು ವಾರ್ಫರಿನ್ ಇದ್ದರೆ ರಕ್ತಸ್ರಾವ ತರುತ್ತದೆ, ಹೃದಯ ಸೋತಿದ್ದರೆ ನೀರು ಕಟ್ಟಿಸುತ್ತದೆ, ಕೆಲವು ಅಸ್ತಮಾದವರಿಗೆ ದಮ್ಮು ಕೆರಳಿಸುತ್ತದೆ. ಏಕಾದಶಿ, ರೋಜಾ, ಪಂಢರಪುರದ ಪಾದಯಾತ್ರೆ ಇದ್ದರೆ ಗುಳಿಗೆ ಹೊತ್ತು ಹೇಗೆ ಹೊಂದಿಸುವುದು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಸಿ, ಇಲ್ಲದಿದ್ದರೆ ಅವರೇ ಬಿಟ್ಟುಬಿಡುತ್ತಾರೆ, ಲಾಲ್ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಎದೆನೋವು ತಿರುಗಿ ಬರಬಹುದು. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಲ್ಯಾಸಿಕ್ಸ್ ಜೊತೆ ಬಿಪಿ ಗುಳಿಗೆ ನಡೆಯುವವರಿಗೆ ಇನ್ನೊಂದು ಮಾತು: ವಾಂತಿಭೇದಿ ಆದ ದಿನ, ಎದ್ದು ನಿಂತರೆ ಚಕ್ಕರ್ ಬಂದ ದಿನ, ಮನೆಯಲ್ಲೇ ಕೂರದೆ ಗುಳಿಗೆ ಚೀಟಿ ಹಿಡಿದುಕೊಂಡು ಆಸ್ಪತ್ರೆಗೆ ಬರಬೇಕು. ಬರುವಾಗ ಪಂಪು, ಕಣ್ಣಿನ ಹನಿ, ಶಾಪಿನಿಂದ ತಂದ ನೋವಿನ ಗುಳಿಗೆಯ ಖಾಲಿ ಸ್ಟ್ರಿಪ್ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರಲಿ.