ಕನ್ನಡದಲ್ಲಿ ದಿನವಿಡೀ ಬರೆಯುವವರಿಗೆ ಲ್ಯಾಪ್‌ಟಾಪ್: ಪರದೆ ಮತ್ತು ಕೀಲಿಮಣೆಯಿಂದ ಹುಡುಕಾಟ ಆರಂಭಿಸುವ ಬಗೆ

ಕರಡು ತಿದ್ದುವವರು, ಅನುವಾದಕರು, ಪುಟವಿನ್ಯಾಸ ಮಾಡುವವರು ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು. ಕನ್ನಡ ಪಠ್ಯದ ಕೆಲಸಕ್ಕೆ ಇಂದಿನ ಸಾಧಾರಣ ಪ್ರೊಸೆಸರ್ ಕೂಡ ಧಾರಾಳವಾಗಿ ಸಾಕು. ದಿನಕ್ಕೆ ಏಳೆಂಟು ಗಂಟೆ ನಾವು ನೋಡುವುದು ಪರದೆಯನ್ನು, ಮುಟ್ಟುವುದು ಕೀಲಿಮಣೆಯನ್ನು. ಬಹಳಷ್ಟು ಯಂತ್ರಗಳಲ್ಲಿ ಎಸ್‌ಎಸ್‌ಡಿಯನ್ನು ಮುಂದೆ ಬದಲಿಸಿಕೊಳ್ಳಬಹುದು. ಪರದೆಯ ಆಕಾರವನ್ನಾಗಲಿ ಕೀಲಿಗಳ ಜಾಗವನ್ನಾಗಲಿ ಬದಲಿಸಲಾಗದು. ಆದ್ದರಿಂದ ಹುಡುಕಾಟವು ಈ ಎರಡರಿಂದಲೇ ಆರಂಭವಾಗಬೇಕು, ಅದೂ ‘ಒಳ್ಳೆಯ ಪರದೆ’ ಎಂಬಂಥ ಮಾತಿನಲ್ಲಲ್ಲ, ಅಳೆದು ನೋಡಬಹುದಾದ ಲೆಕ್ಕದಲ್ಲಿ.

ಮೊದಲ ಲೆಕ್ಕ ಎತ್ತರದ್ದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಸಾಲಂತರ ಬೇಕಾಗುತ್ತದೆ, ಅಂದರೆ ಅಷ್ಟೇ ಎತ್ತರದ ಪರದೆಯಲ್ಲಿ ನಮಗೆ ಕಡಿಮೆ ಸಾಲುಗಳು ಸಿಗುತ್ತವೆ. ಜಾಹೀರಾತಿನಲ್ಲಿ ಕಾಣುವ ಇಂಚು ಕರ್ಣದ ಅಳತೆಯೇ ಹೊರತು ಎತ್ತರದ್ದಲ್ಲ. 16:9 ಆಕಾರದ (ಅಗಲ 16 ಪಾಲಾದರೆ ಎತ್ತರ 9 ಪಾಲು) 15.6 ಇಂಚಿನ ಪರದೆಯ ಎತ್ತರ ಸುಮಾರು 19.4 ಸೆಂಟಿಮೀಟರ್, 3:2 ಆಕಾರದ 13.5 ಇಂಚಿನ ಚಿಕ್ಕ ಪರದೆಯದು ಸುಮಾರು 19 ಸೆಂಟಿಮೀಟರ್. ಎರಡು ಇಂಚು ದೊಡ್ಡದೆಂದು ಹೊತ್ತು ತಿರುಗುವ ಯಂತ್ರದಿಂದ ಎತ್ತರದಲ್ಲಿ ದೊರೆಯುವ ಲಾಭ ಅರ್ಧ ಸೆಂಟಿಮೀಟರೂ ಇಲ್ಲ. 16:10 ಆಕಾರದ 16 ಇಂಚಿನ ಪರದೆ ಸುಮಾರು 21.5 ಸೆಂಟಿಮೀಟರ್ ಎತ್ತರವಿರುತ್ತದೆ. ಪಠ್ಯವೇ ಮುಖ್ಯವಾದವರು 16:10 ಅಥವಾ 3:2 ಆಕಾರವನ್ನು ಬಿಟ್ಟುಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಅಕ್ಷರದ ಸ್ಪಷ್ಟತೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಚಿಕ್ಕ ಗಾತ್ರದಲ್ಲಿ ಆ ಸೀಳಿಗೆ ಒಂದೆರಡು ಪಿಕ್ಸೆಲ್‌ಗಳಷ್ಟೇ ಸಿಗುತ್ತವೆ. 1366×768 ಪಿಕ್ಸೆಲ್‌ಗಳ 15.6 ಇಂಚಿನ ಹಳೆಯ ಪರದೆಯಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್ ಇರುತ್ತವೆ, ಮತ್ತು ಅಂಥ ಪರದೆಯಲ್ಲಿ ಕರಡು ತಿದ್ದುವವರ ಕಣ್ಣು ಮಹಾಪ್ರಾಣವನ್ನು ತಪ್ಪಿಸಿಕೊಂಡರೆ ಅದು ಕಣ್ಣಿನ ದೋಷವಲ್ಲ. 1920×1200ರ 14 ಇಂಚಿನ ಪರದೆಯಲ್ಲಿ ಈ ಸಂಖ್ಯೆ 160ರ ಆಸುಪಾಸಿನಲ್ಲಿರುತ್ತದೆ. ಇದನ್ನು ಕನಿಷ್ಠ ಮಟ್ಟವೆಂದು ಇಟ್ಟುಕೊಳ್ಳಬಹುದು. 2256×1504ರ 13.5 ಇಂಚಿನ ಪರದೆಯಲ್ಲಿ ಅದು 200 ದಾಟಿ, ‘ಸ್ವಾತಂತ್ರ್ಯ’ದಂಥ ಪದದಲ್ಲಿ ಒಂದರ ಪಕ್ಕ ಒಂದು ಕೂರುವ ಒತ್ತುಗಳೂ ಬಿಡಿಬಿಡಿಯಾಗಿ ಕಾಣುತ್ತವೆ.

ಕಿಟಕಿಯ ಪಕ್ಕ ಕುಳಿತು ಕೆಲಸ ಮಾಡುವವರಿಗೆ ಪ್ರತಿಫಲನವಿಲ್ಲದ ಮ್ಯಾಟ್ ಪರದೆ ಮತ್ತು ಕನಿಷ್ಠ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕು ಬೇಕು, 400 ಇದ್ದರೆ ನೆಮ್ಮದಿ. ಒಎಲ್‌ಇಡಿ ಪರದೆಗಳು ನೋಡಲು ಸುಂದರವಾಗಿದ್ದರೂ ಹೆಚ್ಚಿನವು ಹೊಳಪಿನ ಗಾಜಿನವು, ಮತ್ತು ಅವುಗಳಲ್ಲಿ ಹಲವು ಬೆಳಕು ಕಡಿಮೆ ಮಾಡಿದಾಗ ಅತಿ ವೇಗವಾಗಿ ಮಿಣುಕುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಬೆಳಕನ್ನು ಕಾಲುಭಾಗಕ್ಕೆ ಇಳಿಸಿ, ಮೊಬೈಲ್ ಕ್ಯಾಮೆರಾದ ಶಟರ್ ವೇಗವನ್ನು ಹೆಚ್ಚಿಸಿಕೊಂಡು ಪರದೆಯನ್ನು ನೋಡಿದರೆ, ಮಿಣುಕು ಇರುವ ಕಡೆ ಕಪ್ಪು ಪಟ್ಟಿಗಳು ಕಾಣುತ್ತವೆ.

ಕೀಲಿಮಣೆಯಲ್ಲಿ ಯಾವುದನ್ನು ಪರೀಕ್ಷಿಸಬೇಕೆಂಬುದು ನೀವು ಬಳಸುವ ವಿನ್ಯಾಸವನ್ನು ಅವಲಂಬಿಸಿದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿ ತಂತ್ರಾಂಶದಲ್ಲಿ ನಾವು ಬಳಸುವ ವಿನ್ಯಾಸದಲ್ಲಿ, ಮಹಾಪ್ರಾಣಕ್ಕೂ ದೀರ್ಘಸ್ವರಕ್ಕೂ ಶಿಫ್ಟ್ ಒತ್ತಬೇಕಾದ್ದರಿಂದ ಕಿರುಬೆರಳು ಎಡೆಬಿಡದೆ ದುಡಿಯುತ್ತದೆ. ಇಂಥವರಿಗೆ ಎರಡೂ ಬದಿಯ ಶಿಫ್ಟ್ ಕೀಲಿಗಳು ಅಗಲವಾಗಿರಬೇಕು. ಯುರೋಪಿನ ಯಂತ್ರಗಳಲ್ಲಿ ಎಡಗಡೆಯ ಶಿಫ್ಟನ್ನು ಮೊಟಕುಗೊಳಿಸಿ ಪಕ್ಕದಲ್ಲಿ ಇನ್ನೊಂದು ಕೀಲಿ ಇಟ್ಟಿರುತ್ತಾರೆ. ವಿದೇಶದಿಂದ ತರಿಸುವಾಗ ಇದನ್ನು ಗಮನಿಸಬೇಕು. ಭಾರತೀಯ ಭಾಷೆಗಳ ಇನ್ನೊಂದು ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಬಳಸುವವರ ಕಷ್ಟ ಬೇರೆ: ಅಲ್ಲಿ ಚ, ಟ, ಡ, ಯ ಅಕ್ಷರಗಳು ಬಲಗಡೆಯ ವಿರಾಮಚಿಹ್ನೆಗಳ ಕೀಲಿಗಳ ಮೇಲಿವೆ, ಮತ್ತು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಜಾಗ ಉಳಿಸಲು ಮೊದಲು ಕುಗ್ಗಿಸುವುದು ಆ ಕೀಲಿಗಳನ್ನೇ. ಕೀಲಿಯಿಂದ ಕೀಲಿಗೆ 19 ಮಿಲಿಮೀಟರ್ ಅಂತರ ಇರುವುದು ಪೂರ್ಣ ಅಳತೆ. ಕೀಲಿ ಕೆಳಗಿಳಿಯುವ ಆಳ 1 ಮಿಲಿಮೀಟರ್ ಮಾತ್ರವಿದ್ದರೆ ದೀರ್ಘ ಬರವಣಿಗೆಯಲ್ಲಿ ಬೆರಳ ತುದಿ ನೋಯುತ್ತದೆ; 1.5 ಮಿಲಿಮೀಟರ್ ಇದ್ದರೆ ಹಿತ.

ನಂಬರ್ ಪ್ಯಾಡ್ ಕುರಿತು ಅನುಭವದಿಂದ ಹೇಳುತ್ತೇನೆ. ಹಿಂದೊಮ್ಮೆ ನಂಬರ್ ಪ್ಯಾಡ್ ಇರುವ ದೊಡ್ಡ ಯಂತ್ರವನ್ನು ಕೊಂಡು ಎರಡು ವರ್ಷ ದುಡಿದಾಗ ಭುಜ ಮತ್ತು ಕತ್ತಿನ ನೋವು ಬಿಡಲೇ ಇಲ್ಲ. ಅಕ್ಷರದ ಕೀಲಿಗಳು ಎಡಕ್ಕೆ ಸರಿದಿರುವುದರಿಂದ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರಬೇಕಾಗುತ್ತದೆ. ಲೆಕ್ಕಪತ್ರದ ಕೆಲಸವಿಲ್ಲದವರು ಅದಿಲ್ಲದ ಯಂತ್ರವನ್ನೇ ಹುಡುಕಬೇಕು. ಆದರೆ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಇವು ಪ್ರತ್ಯೇಕ ಕೀಲಿಗಳಾಗಿಯೇ ಇರಲಿ. ತಿದ್ದುಪಡಿಯ ಕೆಲಸದಲ್ಲಿ ಅವು ದಿನಕ್ಕೆ ನೂರಾರು ಬಾರಿ ಬೇಕಾಗುತ್ತವೆ. 2024ರಿಂದ ಈಚೆಗೆ ಹಲವು ವಿಂಡೋಸ್ ಯಂತ್ರಗಳಲ್ಲಿ ಬಲಗಡೆಯ ಕಂಟ್ರೋಲ್ ಕೀಲಿಯ ಜಾಗವನ್ನು ಎಐ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀಲಿ ಆಕ್ರಮಿಸಿದೆ. ಮೈಕ್ರೋಸಾಫ್ಟಿನ ಉಚಿತ ಪವರ್‌ಟಾಯ್ಸ್ ತಂತ್ರಾಂಶದಿಂದ ಕೀಲಿಗೆ ಬೇರೆ ಕೆಲಸ ಕೊಡಬಹುದು, ಇಲ್ಲದ ಕೀಲಿಯನ್ನು ಮಾತ್ರ ಯಾವ ತಂತ್ರಾಂಶವೂ ತರಲಾರದು.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ಹುಡುಕಾಟ ಸುಲಭವಾಗುತ್ತದೆ, ಏಕೆಂದರೆ ಮಾರುಕಟ್ಟೆಯ ಬಹುಪಾಲು ಯಂತ್ರಗಳು ಆ ಹಾಳೆಯ ಮುಂದೆ ತಾವಾಗಿಯೇ ಬಿದ್ದುಹೋಗುತ್ತವೆ. ಉಳಿಯುವವು ಹೆಚ್ಚಾಗಿ ಕಚೇರಿಗಳಿಗೆಂದು ತಯಾರಾಗುವ ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್ (2025ರಿಂದ ಡೆಲ್ ಪ್ರೊ), ಎಚ್‌ಪಿಯ ಎಲೈಟ್‌ಬುಕ್ ಸರಣಿಯವು. ಇಲ್ಲಿ ಹಲವರು ಎಡವುತ್ತಾರೆ: ಒಂದೇ ಹೆಸರಿನ ಮಾದರಿ ಎರಡು ಮೂರು ಬಗೆಯ ಪರದೆಗಳೊಂದಿಗೆ ಮಾರಾಟವಾಗುತ್ತದೆ. ಥಿಂಕ್‌ಪ್ಯಾಡ್ ಟಿ14ರ ಮೂರನೆಯ ಪೀಳಿಗೆಯಲ್ಲಿ 300 ನಿಟ್ಸ್‌ನ ಪೇಲವ ಪರದೆಯೂ ಇತ್ತು, 400 ನಿಟ್ಸ್‌ನ ಉತ್ತಮ ಪರದೆಯೂ ಇತ್ತು. ಹೀಗಾಗಿ ಹೆಸರನ್ನು ನಂಬದೆ, ತಳಭಾಗದ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ನೋಡಬೇಕು. ಲೆನೊವೊದ ಪಿಎಸ್‌ಆರ್‌ಇಎಫ್ ತಾಣ ಇದಕ್ಕೆಂದೇ ಇದೆ. ಬೆಳಕು, ಮಿಣುಕು ಇವನ್ನು ಅಳೆದು ಪ್ರಕಟಿಸುವ ನೋಟ್‌ಬುಕ್‌ಚೆಕ್ ತಾಣದ ವಿಮರ್ಶೆಗಳೂ ಬಹಳ ಉಪಯುಕ್ತ.

ಹೊಸದರ ಬೆಲೆ ಭಾರವೆನಿಸಿದರೆ, ಕಂಪನಿಗಳು ಬಳಸಿ ಬಿಟ್ಟ ಇದೇ ಸರಣಿಯ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ದೊರೆಯುತ್ತವೆ. ಅಲ್ಲಿ ಪೀಳಿಗೆಯನ್ನು ಗಮನಿಸುವುದು ಮುಖ್ಯ: ಟಿ14ರಲ್ಲಿ ಮೂರನೆಯ ಪೀಳಿಗೆಯಿಂದ, ಎಲೈಟ್‌ಬುಕ್ 840ರಲ್ಲಿ ಜಿ9ರಿಂದ, ಅಂದರೆ ಎರಡರಲ್ಲೂ 2022ರಿಂದ 16:10 ಪರದೆ ಬಂದಿತು, ಅದಕ್ಕಿಂತ ಹಿಂದಿನವು 16:9.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನೀವೇ ತಿದ್ದಿದ ಒಂದು ಅಧ್ಯಾಯವನ್ನು ಪಿಡಿಎಫ್ ರೂಪದಲ್ಲಿ ಒಯ್ಯಿರಿ. ಪಿಡಿಎಫ್‌ನೊಳಗೆ ಅಕ್ಷರವಿನ್ಯಾಸವೂ ಸೇರಿರುವುದರಿಂದ ಅಲ್ಲಿಯ ಯಂತ್ರದಲ್ಲೂ ನಿಮ್ಮ ಪುಟ ನಿಮ್ಮದರಂತೆಯೇ ಕಾಣುತ್ತದೆ. ಅದನ್ನು ನೂರು ಪ್ರತಿಶತ ಗಾತ್ರದಲ್ಲಿ ತೆರೆದು, ಮನೆಯಲ್ಲಿ ಕೂರುವಷ್ಟೇ ದೂರದಿಂದ ಹತ್ತು ನಿಮಿಷ ಓದಿ. ಆಮೇಲೆ ವಿಂಡೋಸ್‌ನಲ್ಲಿ ಕನ್ನಡ ಭಾಷೆಯನ್ನು ಸೇರಿಸಲು ಅನುಮತಿ ಕೇಳಿ, ಪ್ರತಿಯೊಂದು ಕೀಲಿಯನ್ನೂ ಒಮ್ಮೆ ಒತ್ತಿ, ಎರಡು ಪ್ಯಾರಾ ಟೈಪ್ ಮಾಡಿ. ಮನಸ್ಸಿಗೆ ಒಪ್ಪಿದರೆ, ಪರೀಕ್ಷಿಸಿದ ಯಂತ್ರದ ಪೂರ್ಣ ಮಾದರಿ ಸಂಖ್ಯೆಯನ್ನೇ ಬಿಲ್ಲಿನ ಮೇಲೆ ಬರೆಸಿಕೊಂಡು, ಪೆಟ್ಟಿಗೆಯ ಮೇಲಿನ ಸಂಖ್ಯೆಯೊಡನೆ ತಾಳೆ ನೋಡಿದ ನಂತರವೇ ಹಣ ಕೊಡಿ.