ಬೇಟೆ ಸೀಸನ್ ಮುಗಿಯಿತು, ಹಿಮ ಕರಗಿಲ್ಲ: ನಡುವಿನ ತಿಂಗಳುಗಳನ್ನು ಕಳೆಯುವ ಬಗೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಸೀಸನ್ ಇರುವುದೇ ಒಂಬತ್ತು ದಿನ. ಥ್ಯಾಂಕ್ಸ್‌ಗಿವಿಂಗ್ (ನವೆಂಬರಿನ ನಾಲ್ಕನೇ ಗುರುವಾರದ ಹಬ್ಬ) ಹಿಂದಿನ ಶನಿವಾರ ಶುರು, ಹಬ್ಬದ ನಂತರದ ಭಾನುವಾರ ಮುಗಿಯಿತು. ಪಕ್ಕದ ಮಿಷಿಗನ್‌ನಲ್ಲಿ ನವೆಂಬರ್ 15ರಿಂದ 30. ಬಿಲ್ಲು ಹಿಡಿದವರಿಗೆ ಇನ್ನಷ್ಟು ವಾರ ಸಿಗುತ್ತವೆ, ಅವೂ ಜನವರಿ ಕಳೆಯುವಷ್ಟರಲ್ಲಿ ಖಾಲಿ. ಆಮೇಲೆ ಮಾರ್ಚ್ ತನಕ ಹೊರಗೆ ಮೊಣಕಾಲುದ್ದ ಹಿಮ, ಐದು ಗಂಟೆಗೇ ಕತ್ತಲು, ಒಳಗೆ ಹೀಟರಿನ ಒಣ ಗಾಳಿ. ನಿದ್ದೆ ಹೆಚ್ಚಿದರೂ ಸುಸ್ತು ಹೋಗುವುದಿಲ್ಲ, ಸಣ್ಣದಕ್ಕೂ ಸಿಡುಕು, ಕಿಟಕಿಗೂ ಫ್ರಿಜ್‌ಗೂ ನಡುವೆ ಸುಮ್ಮನೆ ಅಡ್ಡಾಟ. ಇದಕ್ಕೇ ಅಲ್ಲಿ ಕ್ಯಾಬಿನ್ ಫೀವರ್ ಅನ್ನುವುದು.

ಬೇಟೆಗಾರನಿಗೆ ಇದು ಹೆಚ್ಚು ತಟ್ಟುವುದಕ್ಕೆ ಕಾರಣ ಇದೆ. ಬೆಳಕು ಹರಿಯುವ ಮುಂಚೆ ಏಳುವುದು, ಹಗಲೆಲ್ಲ ಬಯಲಲ್ಲಿ ಇರುವುದು, ಗುರಿ ಇಟ್ಟುಕೊಂಡು ನಡೆಯುವುದು, ಈ ಮೂರೂ ಒಂದೇ ದಿನ ನಿಂತುಹೋಗುತ್ತವೆ. ಇದರ ಮೇಲೆ ಬಹಳ ಮಂದಿ ಇನ್ನೊಂದು ತಪ್ಪು ಮಾಡುತ್ತಾರೆ: ಸಾಮಾನು ತೊಳೆದು ಒರೆಸುವ ಕೆಲಸವನ್ನೆಲ್ಲ ಮೊದಲ ವಾರಾಂತ್ಯದಲ್ಲೇ ಮುಗಿಸಿ ಕೈ ಕಟ್ಟಿ ಕೂರುತ್ತಾರೆ. ತುಕ್ಕು ಹಿಡಿಯುವುದು, ಬೂಷ್ಟು ಬರುವುದು ಇವೆರಡನ್ನು ಮಾತ್ರ ಎರಡು ದಿನದೊಳಗೆ ನೋಡಿಕೊಳ್ಳಿ. ಉಳಿದದ್ದನ್ನು ವಾರಕ್ಕೊಂದರಂತೆ ಹಂಚಿಕೊಂಡರೆ ಫೆಬ್ರವರಿ ತನಕ ಕೈಗೆ ಕೆಲಸ ಇರುತ್ತದೆ.

ಮೊದಲು ಬೆಳಕು

ಸೀಸನ್ನಿನಲ್ಲಿ ನಾಲ್ಕೂವರೆಗೆ ಏಳುತ್ತಿದ್ದವರು ಈಗ ಆರಕ್ಕೆ ಎದ್ದರೆ ಸಾಕು, ಆದರೆ ಆ ಹೊತ್ತು ಭಾನುವಾರವೂ ಬದಲಾಗಬಾರದು. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಮಾತ್ರ; ಮೋಡ ಕವಿದ ಚಳಿಗಾಲದ ಮಧ್ಯಾಹ್ನವೂ ಹೊರಗೆ ಸಾವಿರಕ್ಕಿಂತ ಹೆಚ್ಚು ಇರುತ್ತದೆ, ಹಿಮ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಾಗಾಗಿ ದಿನಕ್ಕೆ ಅರ್ಧ ಗಂಟೆ, ಆದಷ್ಟೂ ಬೆಳಗಿನ ಹೊತ್ತು, ಹೊರಗೆ ನಡೆಯಿರಿ. ಗಾಜಿನ ಹಿಂದೆ ಕೂತು ನೋಡುವುದು ಲೆಕ್ಕಕ್ಕಿಲ್ಲ.

ಹೊರಗೆ ಹೋಗಲಾಗದ ದಿನಗಳಿಗೆ ಬೆಳಕಿನ ಚಿಕಿತ್ಸೆಯ ದೀಪ ಇದೆ. ಎದ್ದ ಒಂದು ಗಂಟೆಯೊಳಗೆ, 10,000 ಲಕ್ಸ್, ಸುಮಾರು 30 ನಿಮಿಷ. ಡಬ್ಬಿಯ ಮೇಲೆ ದೊಡ್ಡದಾಗಿ 10,000 ಎಂದಿದ್ದರೂ ಅದು ಎಷ್ಟು ದೂರದಲ್ಲಿ ಎಂಬುದನ್ನು ಹುಡುಕಿ ಓದಿ. ಸಣ್ಣ ದೀಪಗಳು ಮುಖಕ್ಕೆ ಒಂದು ಗೇಣು ಹತ್ತಿರ ಇದ್ದರೆ ಮಾತ್ರ ಅಷ್ಟು ಬೆಳಕು ಕೊಡುತ್ತವೆ. ದೂರ ಇಮ್ಮಡಿಯಾದರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ದೀಪವನ್ನು ತುಸು ಓರೆಗಿಟ್ಟು ತಿಂಡಿ ತಿನ್ನಿ, ಓದಿ; ಅದನ್ನೇ ದಿಟ್ಟಿಸಬೇಡಿ. ಸಂಜೆ ಹಚ್ಚಿದರೆ ನಿದ್ದೆ ಕೆಡುತ್ತದೆ. ಕಣ್ಣಿನ ರೆಟಿನಾ ತೊಂದರೆ ಅಥವಾ ಬೈಪೋಲಾರ್ ಎಂಬ ಮನೋರೋಗ ಇದ್ದವರು ಡಾಕ್ಟರನ್ನು ಕೇಳದೆ ಹಚ್ಚಬಾರದು.

ಎರಡು ವಾರ ಕಳೆದರೂ ಯಾವುದರಲ್ಲೂ ರುಚಿ ಇಲ್ಲ, ಬದುಕೇ ಸಾಕು ಅನ್ನಿಸುತ್ತಿದೆ ಎಂದರೆ ಅದು ಬರೀ ಬೇಸರ ಅಲ್ಲ. ಬಂದೂಕುಗಳನ್ನು ನಂಬಿಕೆಯವರ ಮನೆಗೆ ಸಾಗಿಸಿ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ. ಅಮೆರಿಕದಲ್ಲೂ ಕೆನಡಾದಲ್ಲೂ ಅದೇ ನಂಬರು.

ಮೊದಲ ಎರಡು ದಿನದ ಕೆಲಸ

ಕೊರೆಯುವ ಚಳಿಯಲ್ಲಿದ್ದ ರೈಫಲ್ ಅನ್ನು ನೇರ ಬಿಸಿ ಕೋಣೆಗೆ ತಂದರೆ ಉಕ್ಕಿನ ಒಳಗೂ ಹೊರಗೂ ನೀರು ಬೆವರುತ್ತದೆ. ಗುಂಡು ತೆಗೆದು, ಗುಂಡು ಕೂರುವ ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿ, ಮುಚ್ಚಿದ ಚೀಲದಲ್ಲೇ ಮೂರು ನಾಲ್ಕು ಗಂಟೆ ಬಿಡಿ, ಬೀಗದೊಳಗೆ. ಉಕ್ಕು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ಬೋಲ್ಟ್ ತೆಗೆದು, ನಳಿಗೆ ಒರೆಸುವ ರಾಡನ್ನು ಹಿಂಬದಿಯಿಂದ ತೂರಿಸಿ. ನಳಿಗೆಯ ಬಾಯಿಂದ ತೂರಿಸಿದರೆ ರಾಡ್ ಉಜ್ಜಿ ಅದರ ಅಂಚು ಸವೆಯುತ್ತದೆ, ಗುರಿ ಕೆಡುವುದು ಅಲ್ಲಿಂದಲೇ. ಸಾಲ್ವೆಂಟಿನಲ್ಲಿ ಅದ್ದಿದ ಚಿಂದಿ ಒಂದೆರಡು, ಆಮೇಲೆ ಕಂಚಿನ ಬ್ರಷ್ ಹತ್ತು ಸಲ, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು ಮತ್ತೆ ಚಿಂದಿ. ತಾಮ್ರ ಕರಗಿಸುವ ಸಾಲ್ವೆಂಟ್ ಆದರೆ ಚಿಂದಿ ನೀಲಿ ಹಸಿರಾಗಿ ಬರುತ್ತದೆ, ಅಂದರೆ ಗುಂಡಿನ ತಾಮ್ರ ಇನ್ನೂ ಒಳಗಿದೆ. ಆದರೆ ಮೋಸ ಹೋಗಬೇಡಿ: ಕಂಚಿನ ಬ್ರಷ್, ಹಿತ್ತಾಳೆಯ ಜ್ಯಾಗ್ (ಚಿಂದಿ ಸಿಕ್ಕಿಸುವ ರಾಡಿನ ತುದಿ) ಕೂಡ ಅದೇ ಬಣ್ಣ ಬಿಡುತ್ತವೆ. ನಳಿಗೆ ಎಂದೋ ಸ್ವಚ್ಛವಾಗಿದ್ದರೂ ನೀಲಿ ನೋಡಿ ನೋಡಿ ಗಂಟೆಗಟ್ಟಲೆ ಉಜ್ಜುವವರಿದ್ದಾರೆ. ಕೊನೆಯ ಪರೀಕ್ಷೆಗೆ ನೈಲಾನ್ ಬ್ರಷ್, ಪ್ಲಾಸ್ಟಿಕ್ ಜ್ಯಾಗ್ ಬಳಸಿದರೆ ಸಂಶಯ ಇರದು. ಚಿಂದಿ ಬಿಳಿಯಾಗಿ ಬಂದ ಮೇಲೆ ತೆಳ್ಳಗೆ ಎಣ್ಣೆ ಸವರಿ. ಮತ್ತೆ ಗುಂಡು ಹಾರಿಸುವ ಮುಂಚೆ ಆ ಎಣ್ಣೆ ಒರೆಸಲು ಮರೆಯಬಾರದು.

ಕಿಟಕಿ ಮುಚ್ಚಿ, ಒಲೆಯ ಪಕ್ಕ ಕೂತು ಈ ಕೆಲಸ ಬೇಡ. ಸಾಲ್ವೆಂಟಿನ ಆವಿಗೆ ಬೆಂಕಿ ತಗಲಬಹುದು. ಸೀಸದ ಪುಡಿ ಇರುವುದರಿಂದ ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಚಳಿಗಾಲವಿಡೀ ಚರ್ಮದ ಅಥವಾ ಸ್ಪಂಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ತೇವಾಂಶ ಶೇಕಡ 50ರ ಆಸುಪಾಸಿನಲ್ಲಿ ನಿಲ್ಲಿಸಿ.

ಬೂಟಿನ ಒಳ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿ, ಪೇಪರ್ ಬದಲಾಯಿಸುತ್ತಾ ಎರಡು ದಿನ ಗಾಳಿಗೆ ಬಿಡಿ. ಹೀಟರಿನ ಮುಂದಿಟ್ಟರೆ ಬೇಗ ಒಣಗುತ್ತದೆ ನಿಜ, ಅಷ್ಟೇ ಬೇಗ ಚರ್ಮ ಬಿರಿದು ಅಟ್ಟೆಯ ಅಂಟೂ ಬಿಡುತ್ತದೆ. ಸ್ಲೀಪಿಂಗ್ ಬ್ಯಾಗ್, ಗರಿಯ ಜಾಕೆಟ್ಟುಗಳನ್ನು ಅದುಮಿಡದೆ ಸಡಿಲವಾಗಿ ನೇತುಹಾಕಿ.

ಚಾಕು: ಒಂದು ಇಡೀ ವಾರದ ಕೆಲಸ

ಸೀಸನ್ನಿನಲ್ಲಿ ಜಿಂಕೆ ಸುಲಿದು, ಮೂಳೆಗೆ ತಾಗಿಸಿ ಮೊಂಡಾದ ಚಾಕು ಮಸೆಯುವುದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಕೈ ಕಲಿಯಲು ತಾಳ್ಮೆ ಬೇಕು, ಈಗ ಹೊತ್ತಿದೆ. ಬರೀ ಮೊಂಡಾಗಿದ್ದರೆ 1000 ಗ್ರಿಟ್ (ಕಲ್ಲಿನ ನುಣುಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನುಣುಪು) ಕಲ್ಲಿನಿಂದ ಶುರು, ಅಂಚು ಮುಕ್ಕಾಗಿದ್ದರೆ 400ರಿಂದ. ನೆನೆಸುವ ಕಲ್ಲಾದರೆ ಗುಳ್ಳೆ ಏಳುವುದು ನಿಲ್ಲುವ ತನಕ ನೀರಲ್ಲಿ ಬಿಡಿ, ಕೆಳಗೆ ಒದ್ದೆ ಬಟ್ಟೆ ಹಾಸಿ.

ಬೇಟೆ ಚಾಕುವಿಗೆ ಒಂದೊಂದು ಬದಿಗೆ 20 ಡಿಗ್ರಿ ಸರಿ. ಅಲಗಿನ ಅಗಲ 25 ಮಿಲಿಮೀಟರ್ ಇದ್ದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 8.5 ಮಿಲಿಮೀಟರ್ ಎದ್ದಿರಬೇಕು; ಪೆನ್ಸಿಲ್‌ಗಿಂತ ತುಸು ದಪ್ಪ ಅಂದುಕೊಳ್ಳಿ. ಊಹೆ ಬೇಡ ಅನ್ನುವವರು ಅಂಚಿನುದ್ದಕ್ಕೂ ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡಿ. ಮಸಿ ಅಂಚಿನಿಂದ ಮೇಲೆ ಮಾತ್ರ ಹೋಗಿದ್ದರೆ ಚಾಕು ತೀರಾ ಮಲಗಿದೆ, ತುದಿಯಂಚಿನಲ್ಲಿ ಮಾತ್ರ ಹೋಗಿದ್ದರೆ ತೀರಾ ಎದ್ದಿದೆ. ಇಡೀ ಪಟ್ಟಿ ಸಮನಾಗಿ ಬೆಳ್ಳಗಾದರೆ ಕೋನ ಸಿಕ್ಕಿತು.

ಇನ್ನು ಒಂದೇ ಬದಿ ಮಸೆಯುತ್ತಾ ಹೋಗಿ. ಆಚೆ ಬದಿಯಲ್ಲಿ ಉಕ್ಕಿನ ಸಣ್ಣ ಮಡಿಕೆ ಏಳುತ್ತದೆ, ಅದೇ ಬರ್ರ್. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರಿದರೆ ದೊರಗು ತಟ್ಟಬೇಕು; ಅಂಚಿನುದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಹಿಡಿಯಿಂದ ಮೊನೆಯ ತನಕ ಎಲ್ಲೂ ತುಂಡಾಗದೆ ಬರ್ರ್ ಬಂದ ಮೇಲೇ ಮಗ್ಗುಲು ಬದಲಿಸುವುದು. ಲೆಕ್ಕ ಹಾಕಿ ಇಪ್ಪತ್ತು ಸಲ ಈಚೆ, ಇಪ್ಪತ್ತು ಸಲ ಆಚೆ ಎಳೆಯುವವರ ಚಾಕು ಎಷ್ಟು ಮಸೆದರೂ ಹರಿತವಾಗದಿರುವುದು ಇದಕ್ಕೇ: ಎರಡೂ ಮುಖಗಳು ತುದಿಯಲ್ಲಿ ಇನ್ನೂ ಕೂಡಿಯೇ ಇರುವುದಿಲ್ಲ. ಅಲಗು ಬಾಗುವ ಕಡೆ ಹಿಡಿಯನ್ನು ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ಮೊನೆ ಕಲ್ಲಿಗೆ ತಾಗುವುದೇ ಇಲ್ಲ. ಕೊನೆಗೆ 3000 ಕಲ್ಲಿನ ಮೇಲೆ ಚಾಕುವಿನ ಭಾರವಷ್ಟೇ ಬಿಟ್ಟು ಬದಿ ಬದಲಿಸುತ್ತಾ ಎಳೆದು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತತ್ತು ಸಲ. ಇಡುವಾಗ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ. ಚರ್ಮದ ಒರೆ ಸೀಸನ್ನಿಗೆ ಮಾತ್ರ, ಹದ ಮಾಡಿದ ಚರ್ಮವೂ ತೇವವೂ ಸೇರಿ ಉಕ್ಕನ್ನು ತಿನ್ನುತ್ತವೆ.

ಬಿಲ್ಲಿನವರಿಗೆ ಕೆಲಸ ಕಡಿಮೆ. ಹೆದೆಗೆ ಮೇಣ ತಿಕ್ಕಿ, ಬೆರಳಿನ ಬಿಸಿಯಲ್ಲಿ ಒಳಗಿಳಿಸಿ, ದಾರ ಸುತ್ತಿದ ಭಾಗ ಬಿಟ್ಟುಬಿಡಿ. ಬಿಲ್ಲಿನ ತೋಳುಗಳ ಮೇಲೆ ಹತ್ತಿ ಸವರಿದಾಗ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಕಾರ್ಬನ್ ಬಾಣವನ್ನು ಕಿವಿಯ ಹತ್ತಿರ ಮೆಲ್ಲಗೆ ಬಗ್ಗಿಸಿ. ಚಟಚಟ ಅಂದರೆ ಕಸಕ್ಕೆ, ಇಲ್ಲದಿದ್ದರೆ ಮುಂದೊಮ್ಮೆ ಅದು ಸಿಡಿದು ಕೈಗೇ ಚುಚ್ಚೀತು. ಬಾಣ ಇಲ್ಲದೆ ಹೆದೆ ಎಳೆದು ಬಿಡುವ ಚಟ ಯಾವ ಬೇಸರಕ್ಕೂ ಬೇಡ.

ಕಾಡಿಗೆ ಮತ್ತೆ ಹೋಗುವ ನೆಪ

ಎಲೆ ಉದುರಿದ ಕಾಡು ಈಗಲೇ ಚೆನ್ನಾಗಿ ಓದಲು ಸಿಗುತ್ತದೆ. ಗಂಡು ಜಿಂಕೆ ಕೊಂಬು ಉಜ್ಜಿದ ಮರ, ಹಿಮದ ಮೇಲೆ ಸವೆದ ಜಾಡು ಎಲ್ಲ ಕಾಣುತ್ತವೆ. ಮ್ಯಾಪಿನಲ್ಲಿ ಗುರುತು ಮಾಡುವಾಗ ಆ ದಿನದ ಗಾಳಿಯ ದಿಕ್ಕನ್ನೂ ಬರೆದಿಡಿ. ಕೆರೆಯ ಮಂಜುಗಡ್ಡೆಯ ಮೇಲೆ ಅಡ್ಡ ಹಾಯುವುದಾದರೆ ಪಾರದರ್ಶಕವಾದ ಹೊಸ ಮಂಜು ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು. ಬಿಳಿ ಮಂಜಿನ ಗಟ್ಟಿತನ ಅರ್ಧದಷ್ಟೇ, ಅದಕ್ಕೆ ಇಮ್ಮಡಿ ದಪ್ಪ ಬೇಕು. ಸ್ವಲ್ಪ ಸ್ವಲ್ಪ ದೂರಕ್ಕೆ ಕೊರೆದು ಅಳೆಯಿರಿ.

ಎಲ್ಲಕ್ಕಿಂತ ಒಳ್ಳೆ ಔಷಧಿ ಉದುರಿದ ಕೊಂಬು ಹುಡುಕುವುದು. ಬಿಳಿಬಾಲದ ಗಂಡು ಜಿಂಕೆಗಳು ಬಹುಪಾಲು ಜನವರಿಯಿಂದ ಮಾರ್ಚ್ ನಡುವೆ ಕೊಂಬು ಕಳಚುತ್ತವೆ. ಟೆಸ್ಟೋಸ್ಟೆರಾನ್ ಇಳಿದಾಗ ಕೊಂಬಿನ ಬುಡದ ಮೂಳೆ ಕರಗಿ ಹಿಡಿತ ತಪ್ಪುತ್ತದೆ. ಆದರೆ ಆತುರ ಬೇಡ. ಆಳ ಹಿಮದಲ್ಲಿ ಗುಂಪಾಗಿ ನಿಂತ ಜಿಂಕೆಗಳು ಮೈಕೊಬ್ಬನ್ನು ಕರಗಿಸಿಕೊಂಡೇ ಬದುಕಿರುತ್ತವೆ, ಒಂದು ಸಲ ಬೆದರಿಸಿ ಓಡಿಸಿದರೂ ಅವಕ್ಕೆ ನಷ್ಟ. ಕೊಲೊರಾಡೊದಲ್ಲಿ ಇದಕ್ಕಾಗಿಯೇ ಇಂಟರ್‌ಸ್ಟೇಟ್ 25ರ ಪಶ್ಚಿಮಕ್ಕಿರುವ ಸಾರ್ವಜನಿಕ ಜಮೀನಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರ ತನಕ ಕೊಂಬು ಹೆಕ್ಕುವುದಕ್ಕೆ ನಿಷೇಧ ಇದೆ. ಯೆಲ್ಲೋಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನದಲ್ಲಿ ಎಂದಿಗೂ ಹೆಕ್ಕುವಂತಿಲ್ಲ. ನಿಮ್ಮ ರಾಜ್ಯದ ನಿಯಮ ನೋಡಿಕೊಂಡೇ ಹೊರಡಿ.

ಹಿಮ ಮೊದಲು ಕರಗುವ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಜಿಂಕೆ ಮಲಗಿದ ಗುರುತು, ಹೊಲದಂಚು, ಬೇಲಿ ಹಾರುವ ಜಾಗ, ಇಷ್ಟನ್ನು ಮೊದಲು ನೋಡಿ. ಬೇಲಿ ಹಾರಿ ಇಳಿದ ಅದುರಿಗೇ ಸಡಿಲವಾದ ಕೊಂಬು ಬಿದ್ದುಹೋಗುತ್ತದೆ. ಹತ್ತು ಹೆಜ್ಜೆ ಅಂತರದ ಸಾಲುಗಳಲ್ಲಿ ನಡೆಯಿರಿ, ಸಾಲಿನ ಕೊನೆಯಲ್ಲಿ ತಿರುಗಿ ನೋಡಿ, ಬರುವಾಗ ಕಾಣದ್ದು ಹೋಗುವಾಗ ಕಾಣುತ್ತದೆ. ಬಿಸಿಲಿನ ದಿನಕ್ಕಿಂತ ಮೋಡದ ದಿನ ಒಳ್ಳೆಯದು, ಸಣ್ಣ ಮಳೆ ಬಂದು ಎಲೆ ಕಪ್ಪಾಗಿದ್ದರೆ ಇನ್ನೂ ಒಳ್ಳೆಯದು. ಇಡೀ ಕೊಂಬನ್ನು ಹುಡುಕಬೇಡಿ, ಎಲೆಗಳ ನಡುವಿಂದ ಎದ್ದ ಒಂದು ಮೊನೆಯ ಬಾಗು ಸಾಕು. ಒಂದು ಸಿಕ್ಕರೆ ಅದರ ಜೋಡಿಗಾಗಿ ಅಲ್ಲೇ ಸುತ್ತುಹಾಕಿ. ಇಲಿ, ಅಳಿಲು, ಮುಳ್ಳುಹಂದಿಗಳು ಸುಣ್ಣದಂಶಕ್ಕಾಗಿ ಕೊಂಬನ್ನು ಕಡಿಯುತ್ತವೆ, ಮೇ ಕಳೆಯುವಷ್ಟರಲ್ಲಿ ಮೊನೆಗಳು ಮೊಂಡಾಗಿ, ಮೇಲೆ ಹುಲ್ಲೂ ಎದ್ದಿರುತ್ತದೆ.